ಕಾಣದ ಗಿರಾಕಿಗೆ ಮಾಲು ಮಾರುವ ಕ್ರಮ

ಬೆಂಗಳೂರು ದಕ್ಷಿಣ ತಾಲ್ಲೂಕು ಉತ್ತರಹಳ್ಳಿ ಹೋಬಳಿಯ ವಸಂತಪುರವು ಗುಡ್ಡದ ಮೇಲಿರುವ ಶ್ರೀ ವಸಂತ ವಲ್ಲಭರಾಯ ಸ್ವಾಮಿಯ ದೇವಸ್ಥಾನದಿಂದ ಹೆಸರುವಾಸಿಯಾದ ಸ್ಥಳ. ಕನಕಪುರದ ರಸ್ತೆಗೆ ಸಮೀಪದಲ್ಲಿರುವ ಈ ಊರು ಮೊದಲು ಹೊಲತೋಟಗಳ ನಡುವಣ ಹಳ್ಳಿಯಾಗಿದ್ದಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದ ಮೇಲೆ ಇದು ನಗರದ ಎಲ್ಲೆಯೊಳಗಿನ ಬಡಾವಣೆಯಾಯಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ತಲಘಟ್ಟಪುರದ ಆಚೆಯ ರೇಷ್ಮೆ ಸಂಸ್ಥೆಯವರೆಗೆ ಈ ರಸ್ತೆಯ ಮೇಲೆಯೇ ಓಡಲು ಮೊದಲಾಯಿತು. ಹೊಲಗಳಿದ್ದ ಕಡೆ ಮಹಡಿಮನೆಗಳು ಎದ್ದಿರುವುವು. ಅಲ್ಲಿನ ಜನರು ರಾಗಿ ಬೆಳೆಯುವುದನ್ನು ಬಿಟ್ಟಿರುವರೇ ಹೊರತು ರಾಗಿ ಉಣ್ಣುವುದನ್ನು ಬಿಟ್ಟಿಲ್ಲ. ಆದಕಾರಣ ಒಂದು ಕಾಲಕ್ಕೆ ಬೆಳೆಗಾರರ ಊರಾಗಿದ್ದುದು ಈಗ ಗಿರಾಕಿಗಳ ಊರಾಗಿದೆ.

ಈ ಗಿರಾಕಿಗಳಲ್ಲಿ ಅನೇಕರು ಸಂತೆಗೂ ಹೋಗುವುದಿಲ್ಲ, ತಳ್ಳುಗಾಡಿಯವನನ್ನೂ ಕಾಯುವುದಿಲ್ಲ. ಕೈಯಲ್ಲಿರುವ ಮೊಬೈಲ್ ದೂರವಾಣಿಯಲ್ಲಿ ಬೇಕಾದ ಪದಾರ್ಥವನ್ನು ಬೆರಳಿನಿಂದ ಮುಟ್ಟಿ ತೋರಿಸಿದರೆ ಸಾಕು. ಸೊಪ್ಪು, ತರಕಾರಿ, ಅಕ್ಕಿ, ಬೇಳೆ, ಹಣ್ಣು ಎಲ್ಲವೂ ಮೋಟಾರ್ ಸೈಕಲ್ಲಿನ ಮೇಲೆ ಬಾಗಿಲಿಗೆ ಬರುವುವು. ಇದಕ್ಕೆ ಆನ್‌ಲೈನ್ ವ್ಯಾಪಾರವೆಂದು ಹೆಸರು. ನಗರದವರ ಈ ಅನುಕೂಲದಿಂದ ಹಳ್ಳಿಯ ಜಮೀನುದಾರನಿಗೆ ಆಗಬೇಕಾದುದೇನು ಎಂದು ಕೇಳುವವರು ಉಂಟು. ಆಗಬೇಕಾದುದು ಬಹಳವಿದೆ. ಸಂತೆಯಲ್ಲಿ ಕೊಳ್ಳುವವನು ಹಣ್ಣನ್ನು ಒತ್ತಿ, ಮೂಸಿ ನೋಡುತ್ತಾನೆ. ಕಾಳನ್ನು ಅಂಗೈಯಲ್ಲಿ ಹರಡಿ ಹಲ್ಲಿನಿಂದ ಕಚ್ಚಿ ಹಸಿಯೋ ಒಣಗಿದೆಯೋ ತಿಳಿಯುತ್ತಾನೆ. ಆನ್‌ಲೈನ್ ವ್ಯಾಪಾರದಲ್ಲಿ ಕೊಳ್ಳುವವನಿಗೆ ಕಾಣುವುದು ಮಾಲಿನ ಹೆಸರು, ತೂಕ, ದರ್ಜೆ ಮತ್ತು ಚಿತ್ರ ಮಾತ್ರ. ಕಣ್ಣು, ಮೂಗು, ಹಲ್ಲು ಮಾಡುತ್ತಿದ್ದ ಕೆಲಸವನ್ನು ಒಂದೆರಡು ಸಾಲಿನ ಬರಹ ಮಾಡಬೇಕಾಗುತ್ತದೆ. ಆ ಬರಹವು ನಿಜವಾಗಿದ್ದು, ಅದನ್ನು ದೂರದವನು ನಂಬಿದರೆ ಬೆಳೆಗಾರನಿಗೆ ಒಳ್ಳೆಯ ಕ್ರಯ ದೊರೆಯುವುದು. ನಂಬದಿದ್ದರೆ ಎಷ್ಟು ಯಂತ್ರಗಳನ್ನು ತಂದಿಟ್ಟರೂ ಕ್ರಯವು ಹಿಂದಿನಂತೆಯೇ ನಿಲ್ಲುವುದು.

ಕಾಣದ ಮಾಲಿಗೆ ಹಣ ಕೊಡುವ ಪದ್ಧತಿಯು ಈ ದೇಶಕ್ಕೆ ಹೊಸದಲ್ಲ. 1877ರಲ್ಲಿ ಅಂಚೆ ಇಲಾಖೆಯವರು ವಿ. ಪಿ. ಪದ್ಧತಿಯನ್ನು ಜಾರಿಗೆ ತಂದರು. ಅಂಗಡಿಯವನು ಪುಸ್ತಕವನ್ನೋ ಗಡಿಯಾರವನ್ನೋ ಬಿತ್ತನೆಬೀಜವನ್ನೋ ಅಂಚೆಗೆ ಹಾಕುವನು. ತರಿಸಿಕೊಂಡವನು ಕಟ್ಟನ್ನು ಬಿಡಿಸಿಕೊಳ್ಳುವಾಗ ಅಂಚೆಯವನ ಕೈಗೆ ಹಣ ಕೊಡುವನು. ಅಂಚೆಯವರು ಆ ಹಣವನ್ನು ಅಂಗಡಿಯವನಿಗೆ ಮುಟ್ಟಿಸುವರು. ಮುಖ ನೋಡದ ಇಬ್ಬರ ನಡುವೆ ಅಂಚೆಯೇ ಜಾಮೀನು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕಗಳ ಮಾರಾಟದಿಂದ ಪ್ರಾರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯವರು 2010ರಲ್ಲಿ ಮಾಲು ತಲುಪಿದ ಮೇಲೆ ಹಣ ಕೊಡುವ ಏರ್ಪಾಡನ್ನು ಮಾಡಿದಾಗ, ವಾಸ್ತವವಾಗಿ ಹಳೆಯ ವಿ. ಪಿ. ಯನ್ನೇ ಹೊಸ ವೇಷದಲ್ಲಿ ತಂದರೆಂದು ಹೇಳಬಹುದು. ಅದಕ್ಕೆ ಮುಂಚೆ ಹಣವನ್ನು ಮುಂಗಡವಾಗಿ ಕಳುಹಿಸಲು ಹಿಂಜರಿಯುತ್ತಿದ್ದ ಜನರು ಆ ಮೇಲೆ ಧೈರ್ಯವಾಗಿ ಕೊಳ್ಳತೊಡಗಿದರು. 2011ರಲ್ಲಿ ಇದೇ ಊರಿನಲ್ಲಿ ಬಿಗ್‌ಬಾಸ್ಕೆಟ್ ಸಂಸ್ಥೆಯು ದಿನಸಿ ಮತ್ತು ತರಕಾರಿಯ ವ್ಯಾಪಾರಕ್ಕೆ ಕೈಹಾಕಿತು. 2016ರಲ್ಲಿ ಯು.ಪಿ.ಐ. ಎಂಬ ಹಣ ರವಾನೆಯ ವ್ಯವಸ್ಥೆಯು ಬಂದು, ಬ್ಯಾಂಕಿನ ಖಾತೆಯಿಂದ ಖಾತೆಗೆ ಕ್ಷಣಮಾತ್ರದಲ್ಲಿ ಹಣ ಸಂದಾಯವಾಗುವಂತಾಯಿತು. ಚೀಣಾ, ಕೀನ್ಯಾ ಮುಂತಾದ ಇತರ ದೇಶಗಳಲ್ಲಿಯೂ ಸಂಗತಿ ಹೀಗೆಯೇ ನಡೆದಿದೆ. ಹಣ ಸಂದಾಯದ ಭರವಸೆಯು ಮೊದಲು ಬಂದಿತು. ವ್ಯಾಪಾರವು ಅದರ ಹಿಂದೆ ಬೆಳೆಯಿತು.

ಬೆಳೆಗಾರನು ಮಧ್ಯದವರಿಲ್ಲದೆ ನಗರದ ಮನೆಗೆ ಮಾಲು ಮುಟ್ಟಿಸಿದ ಸಮೀಪದ ಉದಾಹರಣೆಯೆಂದರೆ ಮಾವಿನದು. ವಸಂತಪುರದಿಂದ ಒಂದು ಗಂಟೆಯ ಪ್ರಯಾಣದಲ್ಲಿ ಸಿಕ್ಕುವ ರಾಮನಗರ, ಕನಕಪುರದ ಸೀಮೆಯಲ್ಲಿ ಬಾದಾಮಿ ಮಾವಿನ ತೋಪುಗಳು ವಿಶೇಷವಾಗಿವೆ. ಪಶ್ಚಿಮ ತೀರದವರು ಆಲ್ಫಾನ್ಸೊ ಎಂದು ಕರೆಯುವ ಜಾತಿಯೇ ಇದು. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದವರು ಕರ್‌ಸಿರಿ ಎಂಬ ಅಂತರ್ಜಾಲದ ಅಂಗಡಿಯನ್ನು ತೆರೆದು ಅದರಲ್ಲಿ ಬೆಳೆಗಾರರ ಹೆಸರು, ಹಣ್ಣಿನ ಜಾತಿ ಮತ್ತು ಕ್ರಯವನ್ನು ನಮೂದಿಸುವ ಏರ್ಪಾಡು ಮಾಡಿದರು. ಅಂಚೆ ಇಲಾಖೆಯವರು ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಮೂಲಕ ಹಣ್ಣಿನ ಪೆಟ್ಟಿಗೆಗಳನ್ನು ಮನೆಮನೆಗೆ ಹಂಚಿದರು. ಒಂದು ಪೆಟ್ಟಿಗೆಯ ತೂಕ 3 ಕಿಲೋ. 2020ರಲ್ಲಿ ಕರೋನಾ ಜಾಡ್ಯದ ನಿಮಿತ್ತ ಮಂಡಿಗಳ ವಹಿವಾಟು ಅಸ್ತವ್ಯಸ್ತವಾಗಿ ತೋಪುಗಳಲ್ಲಿ ಹಣ್ಣು ಉದುರುತ್ತಿದ್ದ ಕಾಲದಲ್ಲಿ ಈ ದಾರಿಯು ಅನೇಕರಿಗೆ ಆಸರೆಯಾಯಿತು.

ಈ ವ್ಯಾಪಾರದ ಕಷ್ಟವೆಲ್ಲ ಇರುವುದು ಅಂಚೆಯವರ ಗಾಡಿಯಲ್ಲಿ ಅಲ್ಲ, ತೋಪಿನಲ್ಲಿ. ಮಂಡಿಗೆ ಸಾಗಿಸುವ ಕಾಯನ್ನು ಕೊಂಬೆ ಅಲುಗಿಸಿ ಕೆಡವಿದರೂ ನಡೆದೀತು, ನಷ್ಟವು ಒಟ್ಟು ಕ್ರಯದಲ್ಲಿ ಮುಚ್ಚಿಹೋಗುವುದು. ಮೂರು ಕಿಲೋ ಪೆಟ್ಟಿಗೆಯಲ್ಲಿ ಎರಡು ಹಣ್ಣು ಕೆಟ್ಟರೆ ಅದು ಮನೆಯೊಡತಿಯ ಕಣ್ಣಿಗೆ ತಕ್ಷಣವೇ ಬೀಳುವುದು. ಆದಕಾರಣ ಕಾಯಿ ಚೆನ್ನಾಗಿ ಬಲಿತಮೇಲೆ, ಬಲೆಯ ಚೀಲ ಕಟ್ಟಿದ ಗಳುವಿನಿಂದ, ತೊಟ್ಟು ಸ್ವಲ್ಪ ಉಳಿಯುವಂತೆ ಕೀಳತಕ್ಕದ್ದು. ಕಿತ್ತ ಕಾಯನ್ನು ನೆರಳಿನಲ್ಲಿ ತೊಟ್ಟು ಕೆಳಮುಖವಾಗಿರುವಂತೆ ಇಟ್ಟು ಸೊನೆಯನ್ನು ಬಸಿಯಗೊಡಬೇಕು. ಸೊನೆ ತಗುಲಿದ ಸಿಪ್ಪೆಯು ಮೂರು ದಿನಗಳಲ್ಲಿ ಕಪ್ಪಾಗಿ ಹಣ್ಣಿನ ಅಂದವನ್ನು ಕೆಡಿಸುವುದು. ಚಿಬ್ಬು ರೋಗದ ಸೋಂಕು ಕೀಳುವಾಗ ಕಣ್ಣಿಗೆ ಕಾಣುವುದಿಲ್ಲ, ಮಾಗುವಾಗ ಹೊರಬೀಳುತ್ತದೆ. ಇದರ ನಿವಾರಣೆಗಾಗಿ ಕಾಯನ್ನು 52 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿ ಆರಿಸುವುದು ವಾಡಿಕೆಯಲ್ಲಿದೆ. ಶಾಖವನ್ನು ಉಷ್ಣಮಾಪಕದಿಂದ ಅಳೆಯಬೇಕೇ ಹೊರತು ಕೈಯದ್ದಿ ಊಹಿಸಬಾರದು. ಸ್ವಲ್ಪ ಹೆಚ್ಚಾದರೆ ಸಿಪ್ಪೆ ಬೇಯುವುದು. ಕಡಮೆಯಾದರೆ ರೋಗ ಉಳಿಯುವುದು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. ಹಿಂದಿನವರು ಭತ್ತದ ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದುದು ಈಗಲೂ ದೋಷವಿಲ್ಲದ ಕ್ರಮವೇ. ದೊಡ್ಡ ಪ್ರಮಾಣದಲ್ಲಿ ಮಾಡುವವರಿಗೆ ಎಥಿಲೀನ್ ಅನಿಲದ ಕೋಣೆಗಳುಂಟು. ಪೆಟ್ಟಿಗೆಗೆ ತುಂಬುವಾಗ ಒಂದೇ ಗಾತ್ರದ, ಒಂದೇ ಹದದ ಹಣ್ಣುಗಳನ್ನು ಆರಿಸತಕ್ಕದ್ದು. ಮೇಲೆ ದೊಡ್ಡದು ಕೆಳಗೆ ಚಿಕ್ಕದು ಇಡುವ ಮಂಡಿಯ ಚಾತುರ್ಯವು ಇಲ್ಲಿ ಒಂದೇ ಬಾರಿಗೆ ಸಾಗುವುದು. ಎರಡನೆಯ ಸಲ ಆ ಗಿರಾಕಿ ಇರುವುದಿಲ್ಲ.

ಲಾಭನಷ್ಟದ ಲೆಕ್ಕವನ್ನು ಒಂದು ದೃಷ್ಟಾಂತದಿಂದ ನೋಡಬಹುದು. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ ಇಟ್ಟುಕೊಂಡವು. 100 ಕಿಲೋ ಕಾಯನ್ನು ಹಾಗೆಯೇ ಮಂಡಿಗೆ ಹಾಕಿದರೆ ಕಿಲೋಗೆ 40 ರೂಪಾಯಿಯಂತೆ 4,000 ರೂಪಾಯಿ ಬರುವುದೆಂದು ಭಾವಿಸೋಣ. ಅದೇ 100 ಕಿಲೋದಲ್ಲಿ ಪೆಟ್ಟಿಗೆಗೆ ಯೋಗ್ಯವಾದುದು 60 ಕಿಲೋ ಎಂದಿಟ್ಟುಕೊಂಡರೆ 20 ಪೆಟ್ಟಿಗೆಯಾಗುವುದು. ಪೆಟ್ಟಿಗೆಗೆ 300 ರೂಪಾಯಿಯಂತೆ 6,000. ಇದರಲ್ಲಿ ರಟ್ಟು, ಕೂಲಿ, ಸಾಗಣೆಗೆ ಪೆಟ್ಟಿಗೆಯೊಂದಕ್ಕೆ 70 ರೂಪಾಯಿಯಂತೆ 1,400 ಕಳೆದರೆ 4,600 ನಿಲ್ಲುವುದು. ಉಳಿದ 40 ಕಿಲೋವನ್ನು ಕಡಮೆ ದರ್ಜೆಯದಾಗಿ ಕಿಲೋಗೆ 25 ರೂಪಾಯಿಯಂತೆ ಮಾರಿದರೆ 1,000. ಒಟ್ಟು 5,600 ರೂಪಾಯಿ. ಇಲ್ಲಿಯವರೆಗೆ ಲೆಕ್ಕ ಸೊಗಸಾಗಿದೆ. ಆದರೆ 20ರಲ್ಲಿ 3 ಪೆಟ್ಟಿಗೆ ಕೆಟ್ಟು ಹಣ ಹಿಂದಿರುಗಿಸಬೇಕಾದರೆ 4,700ಕ್ಕೆ ಇಳಿಯುವುದು. 6 ಪೆಟ್ಟಿಗೆ ಕೆಟ್ಟರೆ 3,800. ಅಂದರೆ, ಅಷ್ಟೆಲ್ಲ ಶ್ರಮಪಟ್ಟೂ ಮಂಡಿಯ ಹಣಕ್ಕಿಂತ ಕಡಮೆ. ಗಿರಾಕಿಯ ಮನೆಗೆ ನೇರವಾಗಿ ಮಾರುವುದರಿಂದ ಬರುವ ಹೆಚ್ಚಿನ ಹಣವೆಲ್ಲ ಆರಿಸುವ, ಮಾಗಿಸುವ, ತುಂಬುವ ಕೆಲಸದ ಕೂಲಿಯೇ ಆಗಿದೆ. ದಲ್ಲಾಳಿಯನ್ನು ಬಿಟ್ಟ ಮಾತ್ರಕ್ಕೆ ಹಣ ತಾನಾಗಿ ಉಳಿಯುವುದೆಂದು ಹೇಳುವವರು ಈ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಹೇಳುವುದಿಲ್ಲ.

ಒಬ್ಬನ ತೋಪಿನ ಅಜಾಗರೂಕತೆಯು ಊರಿನ ಹೆಸರಿಗೇ ತಗಲುವುದೆಂಬ ಸಂಗತಿಯನ್ನೂ ಯಜಮಾನರು ಗಮನಿಸತಕ್ಕದ್ದು. ಚೀಣಾ ದೇಶದಲ್ಲಿ ತಾವೊಬಾವೊ ಎಂಬ ಅಂತರ್ಜಾಲದ ಅಂಗಡಿಯ ಮೂಲಕ ಮಾರಾಟ ಮಾಡುವ ಗ್ರಾಮಗಳನ್ನು ಎಣಿಸುವ ಪದ್ಧತಿಯಿದೆ. ವರ್ಷಕ್ಕೆ ಒಂದು ಕೋಟಿ ಯುವಾನ್ ವಹಿವಾಟು ನಡೆದು, 100 ಅಂಗಡಿಗಳಾದರೂ ಅಥವಾ ಹತ್ತು ಮನೆಗೆ ಒಂದರಂತೆ ಅಂಗಡಿಗಳಾದರೂ ಇದ್ದರೆ ಅಂಥ ಗ್ರಾಮವು ಈ ಪಟ್ಟಿಗೆ ಸೇರುವುದು. 2009ರಲ್ಲಿ 3 ಗ್ರಾಮಗಳಿದ್ದುವು. 2020ರ ವೇಳೆಗೆ 5,425 ಆದುವು. ಇವುಗಳಲ್ಲಿ ಮೊದಲಿನವುಗಳೊಳಗೊಂದಾದ ಜಿಯಾಂಗ್ಸು ಪ್ರಾಂತದ ಶಾಜಿ ಎಂಬಲ್ಲಿ ಜನರು ಮಾರಿದ್ದು ಧಾನ್ಯವಲ್ಲ, ಮರದ ಪೀಠೋಪಕರಣ. ಒಬ್ಬ ತರುಣನು ಪ್ರಾರಂಭಿಸಿದುದನ್ನು ನೆರೆಯವರು ನೋಡಿ ಅನುಸರಿಸಿದರು. ಕೆಡದ, ಒಂದೇ ಅಳತೆಯಲ್ಲಿ ಮಾಡಬಹುದಾದ ವಸ್ತುವನ್ನು ಹೀಗೆ ಮಾರುವುದು ಸುಲಭ. ಮಾವು, ಟೊಮೆಟೋ, ಸೊಪ್ಪುಗಳಿಗೆ ಆ ಸೌಲಭ್ಯವಿಲ್ಲ; ಆದುದರಿಂದ ಚೀಣಾದ ಅಂಕಿಗಳನ್ನು ತೋರಿಸಿ ರಾಗಿ ಬೆಳೆಯುವವನನ್ನು ಹುರಿದುಂಬಿಸುವುದು ಯೋಗ್ಯವಲ್ಲ.

ಮನೆಮನೆಗೆ ಮಾರುವಷ್ಟು ಪುರಸೊತ್ತಾಗಲಿ ಆಳುಕಾಳಾಗಲಿ ಇಲ್ಲದ ಬೆಳೆಗಾರರಿಂದ ನಗರದ ಆನ್‌ಲೈನ್ ಸಂಸ್ಥೆಗಳು ತಾವೇ ಕೊಳ್ಳುವುದುಂಟು. ಹಳ್ಳಿಗಳ ಬಳಿ ಸಂಗ್ರಹ ಕೇಂದ್ರಗಳನ್ನಿಟ್ಟು ಬೆಳಗಾಗುವುದರೊಳಗೆ ತರಕಾರಿಯನ್ನು ನಗರಕ್ಕೆ ಸಾಗಿಸುವರು. ತೂಕವು ವಿದ್ಯುತ್ ತಕ್ಕಡಿಯಲ್ಲಿ, ಹಣವು ಬ್ಯಾಂಕಿನ ಖಾತೆಗೆ. ಬೆಂಗಳೂರಿನ ಸುತ್ತಿನ ಬೆಳೆಗಾರರಿಗೆ ಇಂಥ ನೇರವಾದ ಮಾರಾಟವು ಅಪರಿಚಿತವಲ್ಲ, ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಹಾಪ್‌ಕಾಮ್ಸ್ ಎಂದು ಬೆಳೆದ ಸಂಸ್ಥೆಯು ಅದೇ ಕೆಲಸವನ್ನು ಮಾಡಿಕೊಂಡು ಬಂದಿದೆ. ಖಾಸಗಿ ಕೇಂದ್ರಗಳಲ್ಲಿ ಗಮನಿಸಬೇಕಾದ ಅಂಶವೆಂದರೆ ತಿರಸ್ಕಾರ. ಬೀನ್ಸ್ ಉದ್ದ ಕಡಮೆಯಾದರೆ, ಟೊಮೆಟೋ ಮೇಲೆ ಬಿರುಕಿದ್ದರೆ, ಎಲೆಕೋಸು ತೂಕಕ್ಕೆ ಹೊಂದದಿದ್ದರೆ ಹಿಂದಕ್ಕೆ ಕಳುಹಿಸುವರು. ಹಾಗೆ ಹಿಂದಿರುಗಿದ ಮಾಲನ್ನು ಆ ಹೊತ್ತಿಗೆ ಮಂಡಿಗೆ ಹಾಕಲು ವೇಳೆ ಮೀರಿರುವುದು. ಆದಕಾರಣ ಯಾವ ದರ್ಜೆಗೆ ಯಾವ ಕ್ರಯ, ತಿರಸ್ಕರಿಸಿದ ಮಾಲಿನ ಗತಿಯೇನು, ಹಣ ಎಷ್ಟು ದಿನದೊಳಗೆ ಸಂದಾಯವಾಗತಕ್ಕದ್ದು ಎಂಬ ಮೂರು ವಿಷಯಗಳನ್ನು ಬಿತ್ತನೆಗೆ ಮುಂಚೆಯೇ ಕನ್ನಡದಲ್ಲಿ ಬರೆಯಿಸಿಕೊಳ್ಳುವುದು ಅವಶ್ಯಕ. ಒಂದೇ ಸಂಸ್ಥೆಯ ಅಂಗಡಿಯಲ್ಲಿ ಸಿಕ್ಕಿಕೊಳ್ಳದೆ ಅನೇಕ ಕಡೆ ಮಾಲು ತೋರಿಸಲು ಅನುಕೂಲವಾಗಲೆಂದು ಕೇಂದ್ರ ಸರ್ಕಾರದವರು ಒ.ಎನ್.ಡಿ.ಸಿ. ಎಂಬ ಸಾರ್ವಜನಿಕ ಜಾಲವನ್ನು ಏರ್ಪಡಿಸಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಜನಸಾಮಾನ್ಯರ ಬಳಕೆಗೆ ಅದರ ಪ್ರಯೋಗವು ಬೆಂಗಳೂರಿನಲ್ಲಿಯೇ ಆರಂಭವಾಯಿತು. ರೈತ ಉತ್ಪಾದಕ ಸಂಸ್ಥೆಗಳೂ ಇದರಲ್ಲಿ ಮಾರಾಟ ಮಾಡಬಹುದು.

ಇಷ್ಟೂ ಚಿಲ್ಲರೆ ವ್ಯಾಪಾರದ ಮಾತಾಯಿತು. ಕರ್ನಾಟಕದಲ್ಲಿ ಆನ್‌ಲೈನ್ ವ್ಯಾಪಾರದಿಂದ ಹೆಚ್ಚು ಮಂದಿ ರೈತರ ಬದುಕಿಗೆ ಸಂಬಂಧಪಟ್ಟಿರುವುದು ಸಗಟು ಮಾರುಕಟ್ಟೆಯಲ್ಲಿ. ಹಿಂದೆ ವ್ಯಾಪಾರಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಧಾರಣೆ ಗೊತ್ತುಮಾಡುತ್ತಿದ್ದ ಪದ್ಧತಿಯಿದ್ದಿತು. ಮಾಲಿನ ಒಡೆಯನಿಗೆ ಅದರ ಗುಟ್ಟು ತಿಳಿಯುತ್ತಿರಲಿಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಪ್ರಕಾರ ಸಮಿತಿಗಳು ಏರ್ಪಟ್ಟು ಬಹಿರಂಗ ಹರಾಜು ಬಂದಿತು. ಆದರೂ ಹರಾಜಿನಲ್ಲಿ ನಿಲ್ಲುವವರು ಅದೇ ಊರಿನ ನಾಲ್ಕಾರು ಮಂದಿ. ಅವರವರೊಳಗೆ ಒಂದು ಮಾತಾದರೆ ಬಹಿರಂಗವೂ ರಹಸ್ಯವೂ ಒಂದೇ. ಇದನ್ನು ನಿವಾರಿಸುವುದಕ್ಕೋಸ್ಕರ 2013ರ ಕೃಷಿ ಮಾರಾಟ ನೀತಿಯನ್ನು ಅನುಸರಿಸಿ, 2014ರಲ್ಲಿ ರಾಜ್ಯ ಸರ್ಕಾರವು ಎನ್‌ಸಿಡಿಇಎಕ್ಸ್ ಬಳಗದ ಕಂಪನಿಯೊಂದಿಗೆ ಸಮಪಾಲಿನಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಕೈಕೆಳಗೆ ಏಕೀಕೃತ ಮಾರುಕಟ್ಟೆ ವೇದಿಕೆಯು ನಡೆಯತೊಡಗಿ ರಾಜ್ಯದ 162 ಮಾರುಕಟ್ಟೆಗಳು ಒಂದೇ ಜಾಲಕ್ಕೆ ಸೇರಿದುವು. 2019ರ ನವೆಂಬರ್ ವರೆಗೆ ಇದರ ಮೂಲಕ ಮಾರಾಟವಾದ ಮಾಲು 6 ಕೋಟಿ 28 ಲಕ್ಷ ಟನ್. ಇದೇ ಮಾದರಿಯನ್ನು ನೋಡಿ ಕೇಂದ್ರ ಸರ್ಕಾರದವರು 2016ರ ಏಪ್ರಿಲ್ 14ರಂದು 8 ರಾಜ್ಯಗಳ 21 ಮಾರುಕಟ್ಟೆಗಳಲ್ಲಿ ಇ-ನಾಮ್ ಎಂಬುದನ್ನು ಪ್ರಾರಂಭಿಸಿದರು; 2023ರ ವೇಳೆಗೆ ಅದರಲ್ಲಿ 1,361 ಮಾರುಕಟ್ಟೆಗಳು ಸೇರಿದ್ದುವು.

ಕೆಲಸ ನಡೆಯುವ ಕ್ರಮವು ಹೀಗೆ. ಗಾಡಿಯು ಮಾರುಕಟ್ಟೆಯ ಬಾಗಿಲಿಗೆ ಬಂದಾಗ ರೈತನ ಹೆಸರು, ಮಾಲು, ಚೀಲಗಳ ಸಂಖ್ಯೆ ಮತ್ತು ದಲ್ಲಾಳಿಯ ಹೆಸರನ್ನು ಬರೆದು ಒಂದು ಲಾಟ್ ಸಂಖ್ಯೆಯನ್ನು ಕೊಡುವರು. ಮಾಲನ್ನು ದಲ್ಲಾಳಿಯ ಅಂಗಡಿಯ ಮುಂದೆ ಸುರಿಯುವರು. ವ್ಯಾಪಾರಿಗಳು ಅದನ್ನು ನೋಡಿ, ಗೊತ್ತಾದ ವೇಳೆಯೊಳಗಾಗಿ ತಮ್ಮ ತಮ್ಮ ಧಾರಣೆಯನ್ನು ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ನಮೂದಿಸುವರು. ಒಬ್ಬನು ಹಾಕಿದ್ದು ಇನ್ನೊಬ್ಬನಿಗೆ ಕಾಣುವುದಿಲ್ಲ. ವೇಳೆ ಮುಗಿದೊಡನೆ ಯಂತ್ರವು ಅತ್ಯಧಿಕ ಧಾರಣೆಯನ್ನು ಪ್ರಕಟಿಸುವುದು. ರೈತನ ಮೊಬೈಲಿಗೆ ಸಂದೇಶ ಬರುವುದು. ಧಾರಣೆಯು ಸಾಲದೆಂದು ತೋರಿದರೆ ರೈತನು ಅದನ್ನು ಒಪ್ಪದೆ ಇರಬಹುದು; ಈ ಹಕ್ಕನ್ನು ಬಹುಮಂದಿ ತಿಳಿದಿಲ್ಲ, ತಿಳಿದವರಲ್ಲಿಯೂ ಬಹುಮಂದಿ ಚಲಾಯಿಸುವುದಿಲ್ಲ.

ಈ ಏರ್ಪಾಡಿನಿಂದ ಧಾರಣೆಯು ನಿಜವಾಗಿ ಏರಿತೇ ಎಂಬುದನ್ನು ಪರೀಕ್ಷಿಸಿದ ಒಂದು ಅಧ್ಯಯನವು 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ ಭತ್ತದ ಧಾರಣೆಯು ಶೇಕಡ 5.1, ನೆಲಗಡಲೆಯದು ಶೇಕಡ 3.6, ಮುಸುಕಿನ ಜೋಳದ್ದು ಶೇಕಡ 3.5ರಷ್ಟು ಏರಿತು. ಈ ಅಂಕಿಗಳು ಅಲ್ಪವೆಂದು ತೋರಬಹುದು. ಆದರೆ ನೂರು ರೂಪಾಯಿ ಮಾಲಿಗೆ ತೊಂಬತ್ತೈದು ಖರ್ಚಾಗುವ ಬೇಸಾಯದಲ್ಲಿ ಐದು ರೂಪಾಯಿ ಹೆಚ್ಚಾದರೆ ಲಾಭವು ಇಮ್ಮಡಿಯಾದಂತೆಯೇ ಸರಿ. ಹತ್ತಿ, ಹೆಸರು, ತೊಗರಿ ಈ ಮೂರಕ್ಕೆ ಮಾತ್ರ ಗಣನೆಗೆ ಬರುವಂಥ ಏರಿಕೆ ಕಂಡುಬರಲಿಲ್ಲ. ಸಾಗಣೆಯ ತೊಡಕು, ಧಾರಣೆ ಹಾಕುವ ಕ್ರಮದಲ್ಲಿನ ಲೋಪ, ಕೊಳ್ಳುವವರು ಕೆಲವರೇ ಆಗಿರುವುದು, ಇಂಥವು ಬೆಳೆಯಿಂದ ಬೆಳೆಗೆ ಫಲ ಬೇರೆಯಾಗುವುದಕ್ಕೆ ಕಾರಣವೆಂದು ಅಧ್ಯಯನ ಮಾಡಿದವರು ಅಭಿಪ್ರಾಯಪಟ್ಟಿದ್ದಾರೆ. ರಾಯಚೂರಿನ ಹತ್ತಿಗೆ ಬೇರೆ ಜಿಲ್ಲೆಯ ಗಿರಣಿಯವನು ಕೂತಲ್ಲಿಂದಲೇ ಧಾರಣೆ ಹಾಕಬೇಕಾದರೆ ಎಳೆಯ ಉದ್ದವೆಷ್ಟು, ತೇವವೆಷ್ಟು, ಕಸವೆಷ್ಟು ಎಂಬ ಪರೀಕ್ಷೆಯ ಫಲ ಅವನ ಮುಂದಿರಬೇಕು. ಪರೀಕ್ಷೆಯಾಗದ ರಾಶಿಗೆ ಅವನು ಹಾಕಿದರೂ ತನಗೆ ನಷ್ಟವಾಗದಷ್ಟು ತಗ್ಗಿಸಿಯೇ ಹಾಕುವನು. ಆಗ ಹರಾಜು ಮತ್ತೆ ಊರಿನ ನಾಲ್ಕಾರು ಮಂದಿಗೇ ಬಿಟ್ಟಂತಾಗುವುದು. ಬಾಯಿಂದ ಕೂಗುವುದಕ್ಕೆ ಬದಲಾಗಿ ಬೆರಳಿಂದ ಒತ್ತುವುದೊಂದೇ ಹೆಚ್ಚು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಹರಾಜು ಮೊಬೈಲಿನಲ್ಲಿ ನಡೆಯುವುದು, ಹಣವು ಬ್ಯಾಂಕಿಗೆ ಸಂದಾಯವಾಗುವುದು. ಆದರೆ ನೂಲು ಬಿಚ್ಚಾಣಿಕೆದಾರರು ಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಬಳಿ ಅಲುಗಿಸಿ ನೋಡಿದ ಮೇಲೆಯೇ ಧಾರಣೆ ಹಾಕುವರು. ಗೂಡು ಕಟ್ಟಿ ಹತ್ತು ಹನ್ನೆರಡು ದಿನಗಳಾದರೆ ಚಿಟ್ಟೆ ಹೊರಬಂದು ನೂಲು ಹಾಳಾಗುವುದರಿಂದ ಬೆಳೆಗಾರನಿಗೆ ಕಾಯುವ ಅವಕಾಶವೂ ಇಲ್ಲ.

ಕಾಯುವ ಅವಕಾಶ ಮತ್ತು ಬೇರೆಡೆಗೆ ಒಯ್ಯುವ ಅವಕಾಶ ಇವೆರಡೂ ಎಷ್ಟು ಮುಖ್ಯವೆಂಬುದಕ್ಕೆ ಉತ್ತರ ಕೇರಳದ ತೀರದ ಬೆಸ್ತರ ದೃಷ್ಟಾಂತವು ಪ್ರಸಿದ್ಧವಾಗಿದೆ. 1997ರಿಂದ 2001ರವರೆಗೆ ಕೋಳಿಕ್ಕೋಡು, ಕಣ್ಣೂರು, ಕಾಸರಗೋಡು ಈ ಕ್ರಮದಲ್ಲಿ ಮೊಬೈಲ್ ದೂರವಾಣಿಯು ಕರಾವಳಿಗೆ ಬಂದಿತು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಆ ಕಾಲದ ಭೂತಾಯಿ ಮೀನಿನ ಧಾರಣೆಗಳನ್ನು ಸಂಗ್ರಹಿಸಿ 2007ರಲ್ಲಿ ಪ್ರಕಟಿಸಿದರು. 1997ರ ಜನವರಿ 14ರಂದು ಬಡಗರದಲ್ಲಿ 11 ಮಂದಿ ಬೆಸ್ತರು ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲಬೇಕಾಯಿತು. ಅದೇ ದಿನ 15 ಕಿಲೋಮೀಟರಿನೊಳಗಿನ ಬೇರೆ ಮಾರುಕಟ್ಟೆಗಳಲ್ಲಿ 27 ಮಂದಿ ಕೊಳ್ಳುವವರು ಬರಿಗೈಯಲ್ಲಿ ಹಿಂದಿರುಗುವವರಿದ್ದರು. ದೂರವಾಣಿ ಬಂದ ಮೇಲೆ ಬೆಸ್ತರು ಸಮುದ್ರದಲ್ಲಿದ್ದಾಗಲೇ ಧಾರಣೆ ವಿಚಾರಿಸಿ ದೋಣಿಯನ್ನು ಲಾಭವಿರುವ ದಡಕ್ಕೆ ತಿರುಗಿಸಿದರು. ಮೀನು ಚೆಲ್ಲುವುದು ನಿಂತಿತು. ಅವರ ಲಾಭವು ಶೇಕಡ 8ರಷ್ಟು ಏರಿತು. ಕೊಳ್ಳುವವರಿಗೂ ಮೀನು ಶೇಕಡ 4ರಷ್ಟು ಅಗ್ಗವಾಯಿತು. ಇಲ್ಲಿ ದೂರವಾಣಿಯಷ್ಟೇ ದೋಣಿಯೂ ಕೆಲಸಮಾಡಿತು. ಧಾರಣೆ ತಿಳಿದು, ದೋಣಿಯನ್ನು ತಿರುಗಿಸುವ ಸ್ವಾತಂತ್ರ್ಯವಿಲ್ಲದಿದ್ದರೆ ಆ ತಿಳಿವಳಿಕೆಯಿಂದ ಹೊಟ್ಟೆಯುರಿ ಹೊರತು ಬೇರೆ ಫಲವಿರುತ್ತಿರಲಿಲ್ಲ.

ರೈತನ ದೋಣಿಗೆ ಹಗ್ಗ ಹಾಕಿರುವುದು ಸಾಲ. ಬಿತ್ತನೆಯ ಕಾಲದಲ್ಲಿ, ಮದುವೆಯ ಕಾಲದಲ್ಲಿ ಮಂಡಿಯ ಸಾಹುಕಾರನಿಂದ ಮುಂಗಡ ತೆಗೆದುಕೊಂಡವನು ಸುಗ್ಗಿಯಲ್ಲಿ ಮಾಲನ್ನು ಅವನ ಅಂಗಡಿಗೇ ಹಾಕಬೇಕು. ಯಂತ್ರವು ಪ್ರಕಟಿಸಿದ ಧಾರಣೆಯನ್ನು ಒಪ್ಪೆನೆಂದು ಹೇಳುವ ಬಾಯಿ ಅವನಿಗೆ ಉಳಿದಿರುವುದಿಲ್ಲ. ಮಂಡಿಯವರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಬೇರೆ ಯಾರೂ ಕೊಡದ ಹೊತ್ತಿನಲ್ಲಿ, ಕಾಗದಪತ್ರ ಕೇಳದೆ ಅವರು ಹಣ ಕೊಟ್ಟಿರುತ್ತಾರೆ. ಇದಕ್ಕೆ ಪ್ರತಿಯಾಗಿ ಉಗ್ರಾಣದ ರಸೀತಿಯ ಮೇಲೆ ಸಾಲ ತೆಗೆಯುವ ಮಾರ್ಗವೊಂದಿದೆ. 2007ರ ಉಗ್ರಾಣ ಕಾಯಿದೆಯ ಮೇರೆಗೆ ನೋಂದಾಯಿತವಾದ ಉಗ್ರಾಣದಲ್ಲಿ ಒಣಗಿದ ಧಾನ್ಯವನ್ನಿಟ್ಟರೆ, ಅದರ ತೂಕ ಮತ್ತು ದರ್ಜೆಯನ್ನು ನಮೂದಿಸಿದ ರಸೀತಿಯು ದೊರೆಯುವುದು; 2017ರಿಂದ ಈ ರಸೀತಿಯು ಗಣಕಯಂತ್ರದಲ್ಲಿಯೇ ಇರುತ್ತದೆ. ಅದನ್ನು ಅಡವಿಟ್ಟು ಬ್ಯಾಂಕಿನಿಂದ ಹಣ ಪಡೆದು, ಸುಗ್ಗಿಯ ಇಳಿಕೆ ಕಳೆದಮೇಲೆ ಮಾರಬಹುದು. ಧಾರಣೆಯು ಏರಿಯೇ ತೀರುವುದೆಂದು ಮಾತ್ರ ಯಾರೂ ಭರವಸೆ ಕೊಡಲಾರರು. ಉಗ್ರಾಣದ ಬಾಡಿಗೆ ಮತ್ತು ಬಡ್ಡಿಯನ್ನು ಮೊದಲು ಕೂಡಿ ನೋಡಿಕೊಳ್ಳತಕ್ಕದ್ದು.

ಇದರಲ್ಲಿ ಗ್ರಾಮದ ಯಜಮಾನರು ಮತ್ತು ಹೆಚ್ಚು ಜಮೀನುಳ್ಳವರು ಮಾಡಬಹುದಾದ ಕೆಲಸವು ಸಣ್ಣ ಹಿಡುವಳಿದಾರನಿಗೆ ಒಬ್ಬಂಟಿಯಾಗಿ ಸಾಧ್ಯವಿಲ್ಲದ್ದು. ಎಂಟು ಚೀಲದ ಲಾಟಿಗೆ ದೂರದ ವ್ಯಾಪಾರಿಯು ಲಾರಿ ಕಳುಹಿಸುವುದಿಲ್ಲ. ಒಂದೇ ಜಾತಿಯ, ಒಂದೇ ಹದದ ನೂರೈವತ್ತು ಚೀಲಕ್ಕೆ ಕಳುಹಿಸಿಯಾನು. ಇಪ್ಪತ್ತು ಮನೆಯವರು ಒಂದೇ ತಳಿಯ ರಾಗಿಯನ್ನು ಬಿತ್ತಿ, ಕಣದಲ್ಲಿ ಕಲ್ಲುಮಣ್ಣು ಬೆರೆಯದಂತೆ ಒಕ್ಕಿ, ಜರಡಿ ಹಿಡಿದು ಒಟ್ಟುಗೂಡಿಸಿದರೆ ಅದಕ್ಕೆ ಬರೆಯುವ ವಿವರಣೆಯು ಬೆಲೆಯುಳ್ಳದ್ದಾಗುವುದು. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶದ ಮಿತಿಯು ರಾಗಿಗೆ ಶೇಕಡ 12, ಮುಸುಕಿನ ಜೋಳಕ್ಕೆ ಶೇಕಡ 14, ಭತ್ತಕ್ಕೆ ಶೇಕಡ 17 ಎಂದು ಗೊತ್ತುಮಾಡಿದೆ. ಊರಿಗೊಂದು ತೇವಮಾಪಕವನ್ನು ಕೊಂಡಿಟ್ಟು ಚೀಲ ಹೊಲಿಯುವ ಮುಂಚೆ ಪ್ರತಿ ಮನೆಯ ರಾಶಿಯನ್ನು ಅಳೆದು ಪುಸ್ತಕದಲ್ಲಿ ಬರೆಯುವ ವಾಡಿಕೆಯಿದ್ದರೆ ಮಾರುಕಟ್ಟೆಯಲ್ಲಿ ಹಸಿಯ ನೆಪದಿಂದ ತೂಕ ಕಳೆಯುವವರಿಗೆ ಉತ್ತರ ಕೊಡಬಹುದು. ಒಂದು ಮನೆಯ ಹಸಿಯ ಕಾಳು ಬೆರೆತರೆ ನೂರೈವತ್ತು ಚೀಲವೂ ಹಸಿಯೆನಿಸಿಕೊಳ್ಳುವುದರಿಂದ, ಬಂಧುವಾಗಲಿ ಪ್ರಬಲನಾಗಲಿ ಅಳತೆಗೆ ಹೊಂದದ ರಾಶಿಯನ್ನು ಹೊರಗಿಡುವ ಧೈರ್ಯವು ಪುಸ್ತಕ ಹಿಡಿದವನಿಗೆ ಬೇಕು. ಇಂಥ ಕೂಟಗಳು ಅನೇಕ ಕಡೆ ಮುರಿದುಬೀಳುವುದು ಇಲ್ಲಿಯೇ, ಬಂಡವಾಳದ ಅಭಾವದಿಂದಲ್ಲ. ಕೂಟವನ್ನು ರೈತ ಉತ್ಪಾದಕ ಸಂಸ್ಥೆಯೆಂದು ನೋಂದಾಯಿಸುವುದಕ್ಕೆ ಕೇಂದ್ರ ಸರ್ಕಾರವು 2020ರಲ್ಲಿ ಕೈಗೊಂಡ, 10,000 ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯಿಂದ ಸಹಾಯ ದೊರೆಯುವಂತಾಯಿತು.

ಹಣ ಸಂದಾಯದಲ್ಲಿ ನಡೆಯುವ ಮೋಸಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ಮಾಲಿನ ಹಣ ಕಳುಹಿಸುತ್ತೇವೆಂದು ಹೇಳಿ ಅಪರಿಚಿತರು ದೂರವಾಣಿಯಲ್ಲಿ ಮಾತನಾಡಿ, ಯು.ಪಿ.ಐ. ಗುಪ್ತಸಂಖ್ಯೆಯನ್ನು ಒತ್ತಲು ಹೇಳುವುದುಂಟು. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆಯನ್ನು ಎಂದಿಗೂ ಒತ್ತಬೇಕಾಗಿಲ್ಲ; ಕೊಡುವುದಕ್ಕೆ ಮಾತ್ರ ಒತ್ತುವುದು. ಸಂದೇಶದಲ್ಲಿ ಹಣ ಬಂದಿದೆಯೆಂದು ಕಂಡಷ್ಟರಿಂದಲೇ ಗಾಡಿಯನ್ನು ಬಿಡದೆ, ಖಾತೆಯ ಶಿಲ್ಕನ್ನು ನೋಡಿಕೊಂಡು ಬಿಡತಕ್ಕದ್ದು. ವಂಚನೆಯಾದುದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ತಿಳಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವು ಕಳ್ಳರ ಕೈಸೇರುವ ಮುನ್ನ ತಡೆಯುವ ಸಂಭವ ಹೆಚ್ಚು. ಓದುಬಾರದ ವೃದ್ಧರ ಖಾತೆಗೆ ಮೊಮ್ಮಕ್ಕಳ ಮೊಬೈಲ್ ಸಂಖ್ಯೆಯನ್ನು ಜೋಡಿಸಿರುವ ಮನೆಗಳಲ್ಲಿ, ಮಾರಾಟದ ದಿನ ಆ ಮೊಬೈಲ್ ಊರಿನಲ್ಲಿಯೇ ಇರುವಂತೆ ನೋಡಿಕೊಳ್ಳತಕ್ಕದ್ದು. ಅದು ಬೆಂಗಳೂರಿನಲ್ಲಿದ್ದರೆ ಧಾರಣೆಯ ಸಂದೇಶವೂ ಅಲ್ಲಿಗೇ ಹೋಗಿ, ಒಪ್ಪುವ ಅಥವಾ ನಿರಾಕರಿಸುವ ವೇಳೆಯು ಮೀರಿಹೋಗುವುದು.